ಐದನೇ ಜರಡಿಯ ಕಲ್ಲು

೧೯೮೬ನೇ ಇಸವಿ. ಪಾವಗಡದಿಂದ ಒಂದು ಮೈಲಿ ಆಚೆ ರಸ್ತೆ ಬದಿಯಲ್ಲಿದ್ದ ಒಂದು ಕಡಲೆಕಾಯಿ ಮಿಲ್ಲಿನಲ್ಲಿ ನಾನು ಜರಡಿ ಸಾಲಿನ ಮೇಸ್ತ್ರಿಯಾಗಿದ್ದೆ. ಹುಟ್ಟಿದ್ದು ಸಿರಾ ತಾಲ್ಲೂಕಿನ ಗೌಡಗೆರೆ ಕಡೆ, ಓದಿದ್ದು ನಾಲ್ಕನೇ ಕ್ಲಾಸು, ಮದುವೆಯಾಗಿ ಬಂದದ್ದು ಪಾವಗಡಕ್ಕೆ. ಮಿಲ್ಲಿಗೆ ಸೇರಿದ್ದು ೧೯೭೧ರಲ್ಲಿ. ಈಗ ಮೊಮ್ಮಕ್ಕಳು ನನಗೆ ಕಂಪ್ಯೂಟರ್ ಅಂದರೆ ಏನು ಎಂದು ಹೇಳಿಕೊಡಲು ಬರುತ್ತಾರೆ. ಅವರು ಹುಟ್ಟುವ ಮೊದಲೇ ನಾನು ಕಂಪ್ಯೂಟರಿನ ಲೆಕ್ಕವೊಂದನ್ನು ಕೆಡಿಸಿದವಳು. ಆ ವಿಷಯ ಬರೆಯುತ್ತೇನೆ.

ಮೊದಲು ಕೆಲಸ ಎಂಥದು ಎಂದು ಹೇಳಬೇಕು. ಸಿಪ್ಪೆ ಒಡೆಯುವ ಯಂತ್ರದಿಂದ ಬೀಜ, ಹೊಟ್ಟು, ಮಣ್ಣು, ಒಡಕಲು ಎಲ್ಲ ಒಟ್ಟಿಗೆ ಬೀಳುತ್ತಿತ್ತು. ಅದನ್ನು ಬೇರ್ಪಡಿಸಲು ಹದಿನಾರು ಜರಡಿ, ನನ್ನನ್ನೂ ಸೇರಿಸಿ ಹದಿನಾರು ಹೆಂಗಸರು. ಒಂದೊಂದು ಜರಡಿಯೂ ಕೂಸಿನ ತೊಟ್ಟಿಲಿನಷ್ಟು ದೊಡ್ಡದು. ನಾಲ್ಕು ಮೂಲೆಗೆ ನಾಲ್ಕು ಹಗ್ಗ, ಹಗ್ಗಗಳೆಲ್ಲ ಮೇಲೆ ಒಂದೇ ಉದ್ದನೆಯ ತೊಲೆಗೆ. ಹಿಡಿದು ಹಿಂದಕ್ಕೂ ಮುಂದಕ್ಕೂ ತೂಗಬೇಕು. ಒಬ್ಬಳದು ಆದಮೇಲೆ ಪಕ್ಕದವಳ ಜರಡಿಗೆ ಸುರಿಯುವುದು. ಹೀಗೆ ನಾಲ್ಕು ಕೈ ದಾಟಿ ಬೀಜ ಚೀಲ ಸೇರುತ್ತಿತ್ತು. ಪಕ್ಕದವಳು "ಹ್ಞೂಂ" ಅನ್ನುವ ತನಕ ಸುರಿಯುವಂತಿಲ್ಲ. ಅವಸರಪಟ್ಟು ಸುರಿದವಳ ಬೀಜ ನೆಲಕ್ಕೆ. ಇಡೀ ಶೆಡ್ಡಿನಲ್ಲಿ ದಿನವೆಲ್ಲ ಕೇಳುತ್ತಿದ್ದ ಮಾತು ಅದೊಂದೇ, ಹ್ಞೂಂ, ಹ್ಞೂಂ.

ಇನ್ನೊಂದು ಕಟ್ಟುಪಾಡಿತ್ತು. ಖಾಲಿ ತೊಟ್ಟಿಲು ತೂಗಬಾರದು, ಕೂಸಿಗೆ ಕೇಡು ಎಂಬುದು ಎಲ್ಲ ಮನೆಯಲ್ಲೂ ಇರುವ ಮಾತು. ನಮ್ಮ ಹೆಂಗಸರು ಅದನ್ನು ಜರಡಿಗೂ ತಂದಿದ್ದರು. ತೊಲೆ ಒಂದೇ ಆದ್ದರಿಂದ ಒಂದು ಜರಡಿ ತೂಗಿದರೆ ಪಕ್ಕದ್ದೂ ತಾನಾಗಿ ಅಲ್ಲಾಡುತ್ತಿತ್ತು. ಹಾಗಾಗಿ ಊಟಕ್ಕೆ ಏಳುವಾಗ ಒಂದು ಹಿಡಿ ಬೀಜ ಜರಡಿಯಲ್ಲಿ ಬಿಟ್ಟೇ ಏಳಬೇಕು. ನನಗೆ ಅದರಲ್ಲಿ ನಂಬಿಕೆ ಇತ್ತೆಂದಲ್ಲ. ಹಿಡಿ ಬೀಜಕ್ಕೆ ಹದಿನೈದು ಜನರ ಬಾಯಿ ಮುಚ್ಚುವುದಾದರೆ ನನಗೇನು ನಷ್ಟ?

ಆ ವರ್ಷ ಜನವರಿಯಲ್ಲಿ ಸುಜಾತ ಬಂದಳು. ಕೊರಟಗೆರೆಯವಳು, ಅಪ್ಪ ಪ್ರೈಮರಿ ಸ್ಕೂಲ್ ಮೇಷ್ಟ್ರು. ಅಕ್ಕ ಪಾವಗಡದ ಆಸ್ಪತ್ರೆಯಲ್ಲಿ ನರ್ಸು. ಅವರ ವಂಶದಲ್ಲಿ ಹೆಣ್ಣುಮಕ್ಕಳಿರಲಿ, ಗಂಡಸರೂ ಕಾಲೇಜು ದಾಟಿರಲಿಲ್ಲ. ಇವಳು ಬೆಂಗಳೂರಿನ ದೊಡ್ಡ ವಿದ್ಯಾಸಂಸ್ಥೆಯೊಂದರಲ್ಲಿ ಪಿಎಚ್.ಡಿ.ಗೆ ಸೇರಿ ಮೂರು ವರ್ಷವಾಗಿತ್ತು. ಅಕ್ಕನನ್ನು ನೋಡಲು ಬಂದವಳು ಮಿಲ್ಲಿನ ಮುಂದೆ ಬಸ್ಸಿಗೆ ಕಾಯುತ್ತಾ ನಮ್ಮ ಸಾಲು ನೋಡಿದಳಂತೆ. ಬಸ್ಸು ಹೋಯಿತು, ಇವಳು ಹೋಗಲಿಲ್ಲ. ಒಳಗೇ ಬಂದಳು.

"ಈರಕ್ಕ ಅಂದ್ರೆ ನೀವಾ? ಮೊದಲನೇ ಜರಡಿ ತೂಗಿದ್ರೆ ಅಲ್ಲೆಲ್ಲೋ ಕೊನೇದು ಯಾಕೆ ಅಲ್ಲಾಡುತ್ತೆ?"

"ತೊಲೆ ಒಂದೇ ಕಣಮ್ಮ. ಒಂದೇ ಸೂರಿನಾಗೆ ಒಬ್ಬಳು ಕುಣಿದ್ರೆ ಇನ್ನೊಬ್ಬಳು ಸುಮ್ಕಿರಾಕಾಯ್ತದಾ?"

"ಅದೇ ನನ್ನ ಪಿಎಚ್.ಡಿ."

"ಇದಕ್ಕೆ ಬೆಂಗ್ಳೂರ್ಗಂಟ ಹೋಗ್ಬೇಕಿತ್ತಾ?" ಅಂದೆ. ಸಾಲೆಲ್ಲ ನಕ್ಕಿತು. ಅವಳೂ ನಕ್ಕಳು. ನಗದಿದ್ದರೆ ನಾನು ಆವತ್ತೇ ಕಳಿಸಿಬಿಡುತ್ತಿದ್ದೆ.

ಅವಳು ತನ್ನ ಕೆಲಸ ಏನೆಂದು ನೆಲದ ಮೇಲೆ ಬೀಜ ಸಾಲಾಗಿಟ್ಟು ತೋರಿಸಿದಳು. ತೂಗಾಡುವ ವಸ್ತುಗಳು ಒಂದಕ್ಕೊಂದು ಅಂಟಿಕೊಂಡಿದ್ದರೆ ಒಂದರ ತೂಗಾಟ ಇನ್ನೊಂದಕ್ಕೆ ಹೇಗೆ ದಾಟುತ್ತದೆ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕಿ ಮೊದಲೇ ಹೇಳುವುದು. ಅದಕ್ಕೆ ಸಿಮ್ಯುಲೇಷನ್ ಅಂತಾರೆ. ಸೇತುವೆಗೂ ಅದೇ ಲೆಕ್ಕ, ಕರೆಂಟಿನ ತಂತಿಗೂ ಅದೇ ಲೆಕ್ಕ. ಆದರೆ ಒಂದೇ ಯಂತ್ರಕ್ಕೆ ಕೊಟ್ಟರೆ ಅದು ದಿನಗಟ್ಟಲೆ ತಿಣುಕುತ್ತದೆ. ಆದ್ದರಿಂದ ಇವಳು ನಾಲ್ಕು ಸಣ್ಣ ಯಂತ್ರಗಳನ್ನು ಜೋಡಿಸಿ ಕೆಲಸ ಹಂಚಿದ್ದಳು. ಅದು ಪ್ಯಾರಲಲ್ ಕಂಪ್ಯೂಟಿಂಗ್. ಹದಿನಾರು ಜರಡಿ ಇದ್ದರೆ ಒಂದು ಯಂತ್ರಕ್ಕೆ ನಾಲ್ಕು. ನಾಲ್ಕನೇ ಜರಡಿಯ ಲೆಕ್ಕ ಮಾಡುವ ಮೊದಲನೇ ಯಂತ್ರ, ಐದನೆಯದು ಈಗ ಎಲ್ಲಿದೆ ಎಂದು ಎರಡನೇ ಯಂತ್ರವನ್ನು ಕೇಳಬೇಕು. ಉತ್ತರ ಬರುವ ತನಕ ಮುಂದಿನ ಹೆಜ್ಜೆ ಇಡುವಂತಿಲ್ಲ.

"ಅಂದ್ರೆ ಅದೂ ಹ್ಞೂಂ ಅನ್ಬೇಕು" ಅಂದೆ.

"ಹೌದು ಈರಕ್ಕ. ಆ ಹ್ಞೂಂ ಸರಿಯಾಗಿ ದಾಟಿಸೋದೇ ನಾನು ಕಂಡುಹಿಡಿದಿರೋದು. ಆದ್ರೆ ನನ್ನ ಗೈಡ್ ಒಪ್ಪಬೇಕಲ್ಲ. ಬರೀ ಕಾಗದದ ಲೆಕ್ಕ ಬೇಡ, ನಿಜವಾದ ತೂಗಾಟ ಅಳೆದು ತಾ, ಎರಡೂ ತಾಳೆಯಾದರೆ ಒಪ್ತೀನಿ ಅಂದಿದಾರೆ."

ಗೈಡ್ ಅಂದರೆ ಅವಳಿಗೆ ದಾರಿ ತೋರಿಸುವ ದೊಡ್ಡ ಮೇಷ್ಟ್ರು. ಮಿಲ್ಲಿನ ಸಾಹುಕಾರರನ್ನು ಕೇಳಿದೆವು. ಭಾನುವಾರ ಮಿಲ್ಲು ರಜಾ, ಮಾಡಿಕೊಳ್ಳಿ ಅಂದರು.

ಭಾನುವಾರ ಹದಿನಾರೂ ಜನ ಬಂದೆವು. ಸುಜಾತ ಪ್ರತಿ ಜರಡಿಯ ಕೆಳಗೆ ಒಂದು ಹಲಗೆ ಇಟ್ಟಳು, ಪ್ರತಿಯೊಬ್ಬಳ ಕೈಗೆ ಸೀಮೆಸುಣ್ಣ ಕೊಟ್ಟಳು. ಮೊದಲನೇ ಜರಡಿಯನ್ನು ಒಂದು ಮೊಳ ಎಳೆದು ಬಿಡುವುದು. ಉಳಿದವನ್ನು ಯಾರೂ ಮುಟ್ಟಬಾರದು. ಹತ್ತು ಸೆಕೆಂಡಿಗೊಮ್ಮೆ ಅವಳು ತಟ್ಟೆ ಬಡಿಯುತ್ತಾಳೆ. ಆ ಹತ್ತು ಸೆಕೆಂಡಿನಲ್ಲಿ ನಮ್ಮ ನಮ್ಮ ಜರಡಿ ಅತಿ ದೂರ ಎಲ್ಲಿಗೆ ಹೋಯಿತೋ ಅಲ್ಲಿ ಗೆರೆ ಎಳೆಯಬೇಕು. ಜರಡಿಯ ಮೇಲೆ ಕಣ್ಣಿಡುವುದು ನಮಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವಳು ಹಾಕಿದ್ದು ಒಂದೇ ಕರಾರು.

"ಜರಡಿ ಪೂರ್ತಿ ಖಾಲಿ ಇರಬೇಕು. ಒಂದು ಕಾಳೂ ಇರಬಾರದು."

ಅಲ್ಲಿ ಎಡವಟ್ಟಾಯಿತು. ಐದನೇ ಜರಡಿ ಹನುಮಕ್ಕನದು. ಅವಳಿಗೆ ಆಗ ಆರು ತಿಂಗಳು. ಮೊದಲು ಎರಡು ಹೋಗಿದ್ದವು. ಅವಳು ಸೀಮೆಸುಣ್ಣ ಕೆಳಗಿಟ್ಟು ಎದ್ದುನಿಂತಳು.

"ಖಾಲಿ ತೊಟ್ಲು ಆಡೋದ ನಾನು ನೋಡ್ಕೊಂಡು ಕೂರಾಕಿಲ್ಲ ಈರಕ್ಕ. ನಾನ್ ಮನಿಗ್ ಹೋಯ್ತೀನಿ."

ಆರನೇ ಜರಡಿಯ ಓಬುಳಮ್ಮ ಆಂಧ್ರದ ಗಡಿಯವಳು, ತೆಲುಗೇ ಹೆಚ್ಚು. ಅವಳೂ ಸೇರಿಕೊಂಡಳು. "ಖಾಳೀ ಉಯ್ಯಾಲ ಊಪಕೂಡದು ಕದಮ್ಮಾ. ಆ ಹುಡ್ಗಿಗೆ ಓದು ಗೊತ್ತು, ಇದು ಗೊತ್ತಿಲ್ಲ."

ಹನುಮಕ್ಕ ಹೋದರೆ ಓಬುಳಮ್ಮ ಹೋಗುತ್ತಾಳೆ, ಓಬುಳಮ್ಮ ಹೋದರೆ ಸಾಲು ಖಾಲಿ. ಸುಜಾತ ಶೆಡ್ಡಿನ ಆ ತುದಿಯಲ್ಲಿ ಹದಿನಾರನೇ ಹಲಗೆ ಸರಿಮಾಡುತ್ತಿದ್ದಳು. ಮಧ್ಯಾಹ್ನದ ಚಟ್ನಿ ಅರೆಯಲು ಶೆಡ್ಡಿನಲ್ಲಿ ಒಂದು ಗುಂಡುಕಲ್ಲಿತ್ತು. ನಾಮಕರಣದ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಹಾಕುವುದು ಗುಂಡುಕಲ್ಲನ್ನೇ. ನಾನು ಅದನ್ನು ಎತ್ತಿಕೊಂಡು, ಅರ್ಧ ಗೋಣಿಚೀಲದಲ್ಲಿ ಸುತ್ತಿ, ಹಗ್ಗದಲ್ಲಿ ಬಿಗಿದು ಐದನೇ ಜರಡಿಯ ಅಂಚಿಗೆ ಒತ್ತಿ ಇಟ್ಟೆ.

"ತಗಾ, ಈಗ ಖಾಲಿ ಇಲ್ಲ. ಕುಂತ್ಕ."

ಅವಳು ಕುಳಿತಳು. ಸುಜಾತ ತಟ್ಟೆ ಬಡಿದಳು. ಸಂಜೆಯ ತನಕ ಎಂಟು ಸಲ ಮಾಡಿದೆವು. ಎಂಟು ಸಲವೂ ಕಲ್ಲು ಅಲ್ಲೇ ಇತ್ತು. ಸುಜಾತಳ ಕಣ್ಣೆಲ್ಲ ಗಡಿಯಾರದ ಮೇಲೆ, ಕೆಳಗಿನ ಹಲಗೆಗಳ ಮೇಲೆ. ಕಾಳು ಇರಬಾರದು ಅಂದಿದ್ದಳು, ಕಾಳು ಇರಲಿಲ್ಲ. ಕಲ್ಲಿನ ಮಾತು ಅವಳು ಕೇಳಲಿಲ್ಲ, ನಾನು ಹೇಳಲಿಲ್ಲ. ಹಲಗೆಗಳ ಗೆರೆಯೆಲ್ಲ ಅಳೆದು ಬರೆದುಕೊಂಡು, ಪ್ರತಿಯೊಬ್ಬರ ಕೈ ಹಿಡಿದು ಮಾತಾಡಿಸಿ ಅವಳು ಹೋದಳು.

ಏಪ್ರಿಲಿನಲ್ಲಿ ಹನುಮಕ್ಕನಿಗೆ ಹೆಣ್ಣುಮಗು ಹುಟ್ಟಿತು. ತಾಯಿ ಮಗು ಇಬ್ಬರೂ ಗಟ್ಟಿ. ನಾಮಕರಣಕ್ಕೆ ಆ ಕಲ್ಲೇ ಬೇಕೆಂದು ಹಟ ಹಿಡಿದು, ಕಟ್ಟಿದ ಹಾಗೇ ಎತ್ತಿಕೊಂಡು ಹೋದಳು. ಆ ಭಾನುವಾರದಿಂದ ಅದನ್ನು ಬಿಚ್ಚಲು ಅವಳು ಬಿಟ್ಟಿರಲಿಲ್ಲ, ನಾವು ಬೇರೆ ಕಲ್ಲಿನಲ್ಲಿ ಚಟ್ನಿ ಅರೆದುಕೊಳ್ಳುತ್ತಿದ್ದೆವು. ಆಗಸ್ಟಿನಲ್ಲಿ ಸಾಹುಕಾರರು ಕರೆಂಟಿನಲ್ಲಿ ಅಲ್ಲಾಡುವ ಜರಡಿ ಯಂತ್ರ ತರಿಸಿದರು. ಸಾಲು ಬಿಚ್ಚಿದರು, ತೊಲೆ ಕೊಯ್ದು ಬಾಗಿಲು ಮಾಡಿಸಿದರು. ನಾನೂ, ಓಬುಳಮ್ಮ ಸೇರಿ ಆರು ಜನರೂ ಯಂತ್ರದ ಕೆಲಸಕ್ಕೆ ಉಳಿದೆವು. ಉಳಿದವರು ಬೇರೆ ಬೇರೆ ಕೂಲಿ ಹಿಡಿದರು. ಹನುಮಕ್ಕ ಗಂಡನ ಊರಿಗೆ, ಸಿರಾ ತಾಲ್ಲೂಕಿನ ಬುಕ್ಕಾಪಟ್ಟಣದ ಕಡೆಗೆ ಹೋದಳು.

ನವೆಂಬರಿನಲ್ಲಿ ಸುಜಾತ ಮತ್ತೆ ಬಂದಳು. ಕೆನ್ನೆ ಒಳಕ್ಕೆ ಹೋಗಿತ್ತು. ಶೆಡ್ಡಿನೊಳಗೆ ಕಾಲಿಟ್ಟವಳು ಮೇಲೆ ನೋಡಿದಳು, ತೊಲೆ ಇರಲಿಲ್ಲ. ಒಂದು ಚೀಲದ ಮೇಲೆ ಹಾಗೇ ಕುಳಿತುಬಿಟ್ಟಳು.

"ಇನ್ನೊಂದ್ಸಲ ಅಳೆಯೋಣ ಅಂತ ಬಂದೆ ಈರಕ್ಕ."

"ಅಳೆಯಾಕೆ ಏನೈತೆ? ಆ ಬಾಗ್ಲು ಐತೆ ನೋಡು, ಅದೇ ತೊಲೆ."

ಅವಳು ನಗಲಿಲ್ಲ. ಕಾಗದ ಬಿಚ್ಚಿದಳು. ಹದಿನಾರು ಜರಡಿಗೂ ಒಂದೊಂದು ಗೆರೆ. ನಾವು ಅಳೆದದ್ದು ಕಪ್ಪು, ಯಂತ್ರಗಳು ಲೆಕ್ಕ ಹಾಕಿದ್ದು ಕೆಂಪು. ಒಂದರ ಮೇಲೊಂದು ಕೂರಬೇಕಿತ್ತು. ಕೂತಿರಲಿಲ್ಲ.

"ನೋಡಿ, ನೀವು ಅಳೆದಿದ್ದರಲ್ಲಿ ತೂಗಾಟ ನಾಲ್ಕನೇದು ದಾಟಿ ಐದಕ್ಕೆ ಬಂದ ತಕ್ಷಣ ಸ್ವಲ್ಪ ಹಿಂದಕ್ಕೆ ತಿರುಗುತ್ತೆ. ನನ್ನ ಲೆಕ್ಕದಲ್ಲಿ ತಿರುಗಲ್ಲ, ನೇರ ಹೋಗುತ್ತೆ. ನಾಲ್ಕಕ್ಕೂ ಐದಕ್ಕೂ ಮಧ್ಯೆಯೇ ಯಂತ್ರ ಬದಲಾಗೋದು. ದಾಟಿಸೋ ಜಾಗದಲ್ಲಿ ನಿನ್ನ ಪದ್ಧತಿ ಏನೋ ಕಳೀತಿದೆ, ಅದಕ್ಕೇ ತಾಳೆಯಾಗ್ತಿಲ್ಲ ಅಂತಾರೆ ಗೈಡ್. ಹತ್ತು ತಿಂಗಳಿಂದ ಹುಡುಕ್ತಿದೀನಿ. ಮಾರ್ಚ್‌ಗೆ ನನ್ನ ಫೆಲೋಶಿಪ್ ಮುಗಿಯುತ್ತೆ. ಅಷ್ಟರೊಳಗೆ ಸರಿಹೋಗದಿದ್ರೆ ಸಣ್ಣ ಡಿಗ್ರಿ ತಗೊಂಡು ಹೊರಡು ಅಂದಿದಾರೆ."

ಕಾಗದದಲ್ಲಿದ್ದ ಇಂಗ್ಲಿಷ್ ನನಗೆ ಬರುವುದಿಲ್ಲ. ಎಣಿಸಲು ಬರುತ್ತದೆ.

"ಎಂಟಕ್ಕೂ ಒಂಬತ್ತಕ್ಕೂ ಮಧ್ಯೆನೂ ಯಂತ್ರ ಬದ್ಲಾಗ್ತದಲ್ಲ. ಅಲ್ಲಿ?"

"ಅಲ್ಲಿ ಸರಿ ಇದೆ. ಹನ್ನೆರಡು ಹದಿಮೂರರಲ್ಲೂ ಸರಿ ಇದೆ. ಅದೇ ಅರ್ಥ ಆಗ್ತಿಲ್ಲ."

ಐದನೆಯದು. ನನಗೆ ಆಗ ಹೊಳೆಯಿತು. ಹೇಳದೆ ಇದ್ದುಬಿಡಬಹುದಿತ್ತು, ಕೇಳುವವರು ಯಾರೂ ಇರಲಿಲ್ಲ. ಆದರೆ ಎದುರಿಗೆ ಆ ಕೆನ್ನೆ ಇತ್ತು.

"ನಿನ್ ಲೆಕ್ಕ ಸರಿಯಾಗೇ ಇರ್ಬೈದು ಕಣಮ್ಮ. ಐದನೇ ಜರಡ್ಯಾಗೆ ಕಲ್ಲಿತ್ತು."

"ಏನು?"

"ಗುಂಡುಕಲ್ಲು. ನಾನೇ ಮಡಗಿದ್ದೆ." ಯಾಕೆಂದೂ ಹೇಳಿದೆ.

ಅವಳು ಎದ್ದುನಿಂತಳು. ಮುಖ ಕೆಂಪಾಗಿತ್ತು. "ಒಂದು ಕಾಳೂ ಇರಬಾರದು ಅಂತ ಹೇಳಿದ್ದೆನಲ್ಲ!"

"ಕಾಳು ಮಡಗಿರ್ಲಿಲ್ಲ."

"ಹತ್ತು ತಿಂಗಳು ಈರಕ್ಕ! ಯಾಕೆ ಹೇಳಲಿಲ್ಲ?"

"ನೀನು ಕೇಳ್ಲಿಲ್ಲ."

ಅವಳು ಹೊರಗೆ ಹೋಗಿ ರಸ್ತೆಯ ಬದಿಯಲ್ಲಿ ನಿಂತಳು. ನಾನು ಸಮಾಧಾನ ಮಾಡಲು ಹೋಗಲಿಲ್ಲ. ಮಾಡಿದ ತಪ್ಪಿಗೆ ಕಾಫಿ ಕೊಟ್ಟರೆ ತಪ್ಪು ಕರಗುವುದಿಲ್ಲ. ಅರ್ಧ ಗಂಟೆಯ ಮೇಲೆ ತಾನೇ ಒಳಗೆ ಬಂದಳು. ಕಣ್ಣು ಕೆಂಪಗಿತ್ತು, ಆದರೆ ಮುಖದಲ್ಲಿ ಬೇರೆ ಏನೋ ಬಂದಿತ್ತು.

"ಕಲ್ಲು ಎಷ್ಟು ತೂಕ ಇತ್ತು?"

"ಯಾರಿಗ್ ಗೊತ್ತು? ಹನುಮಕ್ಕನ ತಾವ ಐತೆ. ತೂಗ್ಸಿ ಕಾಗ್ದ ಬರೀತೀನಿ."

"ಬೇಡ! ತೂಗಬೇಡಿ. ನಾನು ಹೇಳೋವರೆಗೂ ಯಾರೂ ತೂಗಕೂಡದು."

ಯಾಕೆಂದು ವಿವರಿಸಿದಳು. ಈಗ ಹೋಗಿ "ಸಾರ್, ಒಂದು ಕಲ್ಲಿತ್ತಂತೆ" ಅಂದರೆ ಗೈಡ್ ನಂಬುವುದಿಲ್ಲ. ಹತ್ತು ತಿಂಗಳಾದ ಮೇಲೆ ಸಿಕ್ಕಿದ ಕಲ್ಲನ್ನು ನಾನಾದರೂ ನಂಬುತ್ತಿರಲಿಲ್ಲ. ಅದಕ್ಕೆ ಅವಳ ಉಪಾಯ ಇದು: ಐದನೇ ಜರಡಿಯಲ್ಲಿ ಎಷ್ಟು ಭಾರ ಇದ್ದರೆ ಕೆಂಪು ಗೆರೆ ಕಪ್ಪು ಗೆರೆಯ ಮೇಲೆ ಕೂರುತ್ತದೆ ಎಂದು ಯಂತ್ರಗಳಿಂದಲೇ ಹುಡುಕಿಸುವುದು. ಆ ತೂಕವನ್ನು ಬರೆದು ಗೈಡ್ ಕೈಗೆ ಕೊಡುವುದು. ಆಮೇಲೆ ಅವರ ಎದುರಿಗೇ ಕಲ್ಲು ತೂಗುವುದು.

"ತಾಳೆ ಆಗ್ದಿದ್ರೆ?" ಅಂದೆ.

"ಆಗ ನನ್ನ ಪದ್ಧತಿಯೇ ತಪ್ಪು. ಸಣ್ಣ ಡಿಗ್ರಿ ತಗೊಂಡು ಬರ್ತೀನಿ."

ಧೈರ್ಯದ ಹುಡುಗಿ. ಆವತ್ತು ನನಗೆ ಅವಳ ಮೇಲೆ ಮರ್ಯಾದೆ ಬಂತು.

೧೯೮೭ರ ಫೆಬ್ರವರಿಯಲ್ಲಿ ಸುಜಾತಳ ಕಾಗದ ಬಂತು. ನಾನು ಪಾವಗಡದಿಂದ ಬಸ್ಸು ಹಿಡಿದು ಸಿರಾ, ಅಲ್ಲಿಂದ ಬುಕ್ಕಾಪಟ್ಟಣ, ಅಲ್ಲಿಂದ ಎರಡು ಮೈಲಿ ನಡೆದು ಹನುಮಕ್ಕನ ಊರಿಗೆ ಹೋದೆ. ಸುಜಾತ ಮತ್ತು ಅವಳ ಗೈಡ್ ಜೀಪಿನಲ್ಲಿ ಬಂದಿದ್ದರು. ಗೈಡ್ ಕನ್ನಡಕದ ತೆಳ್ಳನೆ ಮನುಷ್ಯ, ಮಾತು ಕಡಿಮೆ. ತೂಕ ಬರೆದ ಚೀಟಿ ಅವರ ಅಂಗಿಯ ಜೇಬಿನಲ್ಲಿತ್ತು. ರೇಷನ್ ಅಂಗಡಿಯಿಂದ ತಕ್ಕಡಿ, ತೂಕದ ಬಟ್ಟು ತರಿಸಿದ್ದೆವು. ಅರ್ಧ ಊರು ಸೇರಿತ್ತು.

ಹನುಮಕ್ಕ ಮಗಳನ್ನು ಸೊಂಟದ ಮೇಲೆ ಕೂರಿಸಿಕೊಂಡು ಒಳಗಿನಿಂದ ಕಲ್ಲು ತಂದಳು. ಅರಿಶಿನ ಹಚ್ಚಿ, ಕುಂಕುಮ ಇಟ್ಟಿದ್ದಳು.

"ಕೂಸು ಎತ್ಕೊಂಡಂಗೆ ಎತ್ಕಳಿ ಸ್ವಾಮಿ. ನನ್ ಹಿರೇಮಗ ಅದು."

ಬೆಂಗಳೂರಿನ ದೊಡ್ಡ ಮೇಷ್ಟ್ರು ಎರಡೂ ಕೈ ಚಾಚಿ ಕಲ್ಲನ್ನು ಎದೆಗೆ ಒತ್ತಿಕೊಂಡರು. ಯಾರೋ "ಕಣ್ಣು ಮೂಗು ಎಲ್ಲ ಅಪ್ಪನ ತರಾನೇ ಕಣ್ಲಾ" ಅಂದರು. ಹನುಮಕ್ಕನ ಗಂಡ ತಲೆ ತಗ್ಗಿಸಿ ನಕ್ಕ.

ಕಲ್ಲು ತಕ್ಕಡಿಗೆ ಏರಿತು. ಎರಡು ಕಿಲೋ ಎಂಟುನೂರು ಗ್ರಾಂ.

ಗೈಡ್ ಚೀಟಿ ತೆಗೆದು ಓದಿದರು. ಮೂರು ಕಿಲೋ ನೂರೈವತ್ತು. ಹೆಚ್ಚುಕಡಿಮೆ ನೂರು ಗ್ರಾಂ ಇರಬಹುದು ಎಂದು ಸುಜಾತಳೇ ಕೆಳಗೆ ಬರೆದಿದ್ದಳು. ಕಲ್ಲು ಮುನ್ನೂರೈವತ್ತು ಗ್ರಾಂ ಕಡಿಮೆ ಬಿತ್ತು. ಇನ್ನೊಮ್ಮೆ ತೂಗಿದರು. ಅಷ್ಟೇ. ಗೈಡ್ ಚೀಟಿ ಮಡಿಸಿದರು. "ಹತ್ತಿರ ಬಂದಿದೀಯ ಸುಜಾತ. ಆದ್ರೆ ಹತ್ತಿರ ಅಂದ್ರೆ ಸರಿ ಅಂತಲ್ಲ" ಅಂದರು. ಅವಳು ಹೌದೆಂದು ತಲೆಯಾಡಿಸಿದಳು. ತುಟಿ ಬಿಗಿಹಿಡಿದಿದ್ದಳು.

ನಾನು ಹಿಂದೆ ನಿಂತಿದ್ದೆ. ಕಲ್ಲಿನ ತೂಕ ಕೇಳಿದರು, ಕಲ್ಲು ತೂಗಿದರು. ನನ್ನನ್ನು ಯಾರೂ ಏನೂ ಕೇಳಲಿಲ್ಲ. ಒಂದು ಕ್ಷಣ ನಾನು ಹಾಗೇ ನಿಂತಿದ್ದೆ, ಅದೇ ಮುಟ್ಠಾಳತನ ಎರಡನೇ ಸಲ. ಆಮೇಲೆ ಜನರನ್ನು ಸರಿಸಿ ಮುಂದೆ ಬಂದೆ.

"ತಡೀರಿ ಸ್ವಾಮಿ. ನಾನು ಮಡಗಿದ್ದು ಬರೀ ಕಲ್ಲಲ್ಲ. ಗೋಣಿಚೀಲ್ದಾಗೆ ಸುತ್ತಿ ಹಗ್ಗದಾಗೆ ಬಿಗ್ದಿದ್ದೆ."

ಗೈಡ್ ಕನ್ನಡಕದ ಮೇಲಿಂದ ನೋಡಿದರು. "ಇದನ್ನ ಈಗ ಹೇಳ್ತಿದೀರಲ್ಲ ತಾಯಿ?"

"ಈಗ್ಲಾದ್ರೂ ಹೇಳ್ತಿವ್ನಿ. ಲೇ ಹನುಮಕ್ಕ, ಚೀಲ ಎಲ್ಲೇ?"

"ಐತೆ ಕಣಕ್ಕ! ತೊಟ್ಲು ತಳಕ್ಕೆ ಹಾಸಿವ್ನಿ. ಹಗ್ಗನೂ ಅಲ್ಲೇ ಐತೆ."

ಚೀಲ, ಹಗ್ಗ ಬಂದವು. ಕೂಸು ಒದ್ದೆ ಮಾಡಿದೆಯಾ ಎಂದು ಗೈಡ್ ಮುಟ್ಟಿ ನೋಡಿದರು, ಒಣಗಿತ್ತು. ನಾನು ಆವತ್ತು ಕಟ್ಟಿದ ಹಾಗೆಯೇ ಕಟ್ಟಿದೆ. ತಕ್ಕಡಿಗೆ ಇಟ್ಟರು. ಅಂಗಡಿಯವನು ಒಂದೊಂದೇ ಸಣ್ಣ ಬಟ್ಟು ಏರಿಸಿದ. ಮುಳ್ಳು ನಿಂತಿತು. ಮೂರು ಕಿಲೋ ಇನ್ನೂರಿಪ್ಪತ್ತು. ಚೀಟಿಗೂ ತಕ್ಕಡಿಗೂ ಎಪ್ಪತ್ತು ಗ್ರಾಂ ವ್ಯತ್ಯಾಸ.

ಗೈಡ್ ಚೀಟಿ ನೋಡಿದರು, ಮುಳ್ಳು ನೋಡಿದರು, ಸುಜಾತಳನ್ನು ನೋಡಿದರು. ಆಮೇಲೆ ಒಂದೇ ಮಾತು ಅಂದರು.

"ಹ್ಞೂಂ."

ನಾನೂ ಹನುಮಕ್ಕನೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಸುರಿಯಬಹುದು ಅಂತ ಅರ್ಥ.

ಜೀಪಿನ ಹತ್ತಿರ ಗೈಡ್ ನನಗೆ ಹೇಳಿದರು, ಜರಡಿ ಖಾಲಿ ಇದ್ದು ಗೆರೆ ತಾಳೆಯಾಗಿದ್ದರೆ ಇವಳ ಲೆಕ್ಕ ಸರಿ ಎಂದಷ್ಟೇ ಆಗುತ್ತಿತ್ತು. ಈಗ ಅವಳ ನಾಲ್ಕು ಯಂತ್ರಗಳು ಯಾರೂ ಹೇಳದ ಭಾರವನ್ನು ಬೆಂಗಳೂರಿನಲ್ಲಿ ಕೂತು ತೂಗಿವೆ, ಇದು ಇನ್ನೂ ದೊಡ್ಡದು ಎಂದು. ಹನುಮಕ್ಕ ಇವತ್ತಿಗೂ ಆ ಕಲ್ಲು ಇಬ್ಬರನ್ನು ಕಾಪಾಡಿತು ಅನ್ನುತ್ತಾಳೆ. ನಾನು ಹಾಗೆ ಹೇಳುವುದಿಲ್ಲ. ಅವಳ ಮಗಳನ್ನು ಕಾಪಾಡಿದ್ದು ಆಸ್ಪತ್ರೆಯ ನರ್ಸು, ಸುಜಾತಳ ಅಕ್ಕ. ಸುಜಾತಳನ್ನು ಕಾಪಾಡಿದ್ದು ತೂಗಬೇಡಿ ಎಂದ ಅವಳ ಬಾಯಿ.

ಮರುವರ್ಷ ಅವಳಿಗೆ ಡಾಕ್ಟರೇಟ್ ಬಂತು. ಪ್ರಬಂಧದ ಒಂದು ಪ್ರತಿ ತಂದು ತೋರಿಸಿದಳು. ಓದಲು ನನಗೆ ಆಗುವುದಿಲ್ಲ, ಆದರೆ ಒಂದು ಪುಟ ಗೊತ್ತಾಯಿತು. ಹದಿನಾರು ಗೀಟು ಸಾಲಾಗಿ ತೂಗುಬಿದ್ದಿದ್ದವು, ಐದನೆಯದರ ಕೆಳಗೆ ಒಂದು ಕಪ್ಪು ಚುಕ್ಕಿ.

ಬುಕ್ಕಾಪಟ್ಟಣದಿಂದ ಹಿಂದಿರುಗಿದ ಮರುದಿನ ನಾನು ಮಿಲ್ಲಿನಲ್ಲಿ ಒಂದು ಹೊಸ ಅಭ್ಯಾಸ ಶುರುಮಾಡಿದೆ, ಕೆಲಸ ಬಿಡುವ ದಿನದವರೆಗೂ ಬಿಡಲಿಲ್ಲ. ಸಂಜೆ ಯಂತ್ರ ನಿಲ್ಲಿಸಿದ ಮೇಲೆ ಪ್ರತಿಯೊಬ್ಬಳನ್ನೂ ಕೇಳುತ್ತಿದ್ದೆ: ನಾನು ಕೇಳದೆ ಇರೋದು ಏನಾದ್ರೂ ಐತಾ? ಮೊದಲ ದಿನ ಎಲ್ಲರೂ ಇಲ್ಲ ಇಲ್ಲ ಅಂದರು. ಕೊನೆಗೆ ಓಬುಳಮ್ಮ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, ಯಂತ್ರದ ಬೆಲ್ಟು ಎರಡು ವಾರದಿಂದ ಜಾರುತ್ತಿದೆ, ಇನ್ನೇನು ಹರಿಯುತ್ತದೆ ಅಂದಳು.

"ಎರಡು ವಾರದಿಂದ ಯಾಕೆ ಹೇಳ್ಲಿಲ್ಲ?" ಅಂದೆ.

"ನೀನು ಅಡಗಲೇದು ಕದಕ್ಕ" ಅಂದಳು. ನೀನು ಕೇಳಲಿಲ್ಲವಲ್ಲ.